ಹನ್ನೊಂದನೇ ಬಿಲ್ಲೆ

ಐದೂಕಾಲಿನ ಬಸ್ಸು ತಪ್ಪಿದರೆ ಲಿಂಗಸುಗೂರಿನ ನನ್ನ ಮನೆಗೆ ಎರಡು ತಾಸಿನ ನಡಿಗೆ. ಆಗಲೇ ಐದು ದಾಟಿತ್ತು. ಐದನೇ ಇಯತ್ತೆಯ ಮಕ್ಕಳು ಒಬ್ಬರೂ ಎದ್ದಿರಲಿಲ್ಲ, ಅವರ ಮಾಸ್ತರನಾದ ನಾನೂ ಹೊರಡುವಂತಿರಲಿಲ್ಲ. ಗೋಡೆಯ ಹಲಗೆಯ ಮೇಲೆ ಒಂದೇ ಒಂದು ಬಿಲ್ಲೆ ಜೋತಾಡುತ್ತಿತ್ತು.

ತಪ್ಪು ನನ್ನದೇ. ಇರಲಾರದೆ ಇರುವೆ ಬಿಟ್ಟುಕೊಂಡವನು ನಾನು. ಅದು ಎಂಬತ್ತೆಂಟನೇ ಇಸವಿ. ಮಕ್ಕಳು ಪ್ರಶ್ನೆ ಕೇಳಬೇಕು, ಮಾಸ್ತರ ಕೇಳಿಸಿಕೊಳ್ಳಬೇಕು ಎಂದು ಲಿಂಗಸುಗೂರಿನ ತರಬೇತಿಯಲ್ಲಿ ಹೇಳಿ ಕಳಿಸಿದ್ದರು. ಹನ್ನೆರಡು ವರ್ಷ ಬೆತ್ತ ಹಿಡಿದವನಿಗೆ ಎಲ್ಲಿಲ್ಲದ ಹುರುಪು ಬಂತು. ಮರುದಿನವೇ ಕ್ಲಾಸಿಗೆ ಬಂದು, "ಕೇಳ್ರಿ, ಏನ್ ಬೇಕಾದ್ದು ಕೇಳ್ರಿ" ಅಂದೆ. ಎಲ್ಲರೂ ಬೆತ್ತ ನೋಡಿದರು. ಅದನ್ನು ಕಿಟಕಿಯಾಚೆ ಒಗೆದೆ. ಆಗಲೂ ಯಾರೂ ಬಾಯಿ ಬಿಡಲಿಲ್ಲ.

ದಾರಿ ತೋರಿಸಿದವನು ತಾಯಪ್ಪ. ಅವನ ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ.

"ನಮ್ಮಪ್ಪ ಕೆಳಗ ಇಳಿಯಾಕ ಮುಂಚೆ ತನ್ನ ನಂಬರಿನ ಬಿಲ್ಲಿ ಹಲಗಿಗೆ ಹಾಕ್ತಾನ್ರೀ ಸರ. ಮ್ಯಾಲ ಬಂದ ಮ್ಯಾಲ ತಾನ ತಗೀತಾನ. ಬಿಲ್ಲಿ ಹಂಗ ಐತಿ ಅಂದ್ರ ಮನಷ್ಯಾ ಇನ್ನೂ ಕೆಳಗದಾನ ಅಂತ. ನಾವೂ ಹಂಗ ಮಾಡೋಣ್ರಿ."

ಸೋಡಾ ಬಾಟಲಿಯ ಮುಚ್ಚಳ ಬಡಿದು ಚಪ್ಪಟೆ ಮಾಡಿ, ತೂತು ಹಾಕಿ, ಹಾಜರಿ ನಂಬರು ಬರೆದರು. ಕಾನೂನನ್ನೂ ಅವರೇ ಮಾಡಿದರು. ಪ್ರಶ್ನೆ ಇದ್ದವರು ಬಿಲ್ಲೆ ಹಾಕಬೇಕು, ಉತ್ತರ ಮನಸ್ಸಿಗೆ ಬಂದ ಮೇಲೆ ಹಾಕಿದವರೇ ತೆಗೆಯಬೇಕು. ಇನ್ನೊಬ್ಬರದನ್ನು ಯಾರೂ ಮುಟ್ಟುವಂತಿಲ್ಲ. ಹಲಗೆ ಖಾಲಿಯಾಗದೆ ಶಾಲೆ ಬಿಡುವಂತಿಲ್ಲ. ಈ ಕೊನೆಯದಕ್ಕೆ ನಾನು ನಗುತ್ತ ಹೂಂ ಅಂದೆ. ಚೋಟುದ್ದ ಮಕ್ಕಳು ಅಂಥದ್ದೇನು ಕೇಳಿಯಾರು!

ಕೇಳಿದರು. ಚಿನ್ನ ಕಲ್ಲೊಳಗೆ ಹೇಗೆ ಹೊಕ್ಕಿತು, ಎಮ್ಮೆ ಕರ್ರಗಿದ್ದರೂ ಹಾಲು ಯಾಕೆ ಬೆಳ್ಳಗೆ. ಗೊತ್ತಿಲ್ಲ ಅಂದರೂ ನಕ್ಕು ಬಿಲ್ಲೆ ತೆಗೆಯುತ್ತಿದ್ದರು. ಸುಳ್ಳು ಹೇಳಿದರೆ ಮಾತ್ರ ತೆಗೆಯುತ್ತಿರಲಿಲ್ಲ. ಅವರಿಗೆ ಹೇಗೆ ತಿಳಿಯುತ್ತಿತ್ತೋ ದೇವರೇ ಬಲ್ಲ.

ಆ ದಿನ ಉಳಿದದ್ದು ಹನ್ನೊಂದನೇ ನಂಬರು, ಶೇಖಮ್ಮನದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ನಪಾಸಾಗಿದ್ದಳು. ಅವಳ ತಾಯಿ ಆದಮ್ಮ ಬೆಳಿಗ್ಗೆಯೇ ಬಾಗಿಲಿಗೆ ಬಂದು, "ಇನ್ನೊಮ್ಮಿ ನಪಾಸಾದ್ರ ಶಾಲಿ ಬಿಡಿಸಿ ಆಡು ಕಾಯಾಕ ಹಚ್ಚತೀನ್ರಿ" ಅಂದಿದ್ದಳು. "ಹಚ್ಚಬೇ, ತೆಲಿಗೆ ಹತ್ತಲಿಲ್ಲಂದ್ರ ನಾ ಏನ್ ಮಾಡ್ಲಿ" ಅಂದಿದ್ದೆ ನಾನು, ಹುಡುಗಿಯ ಎದುರಿಗೇ.

ಸಂಜೆ ಆ ಹುಡುಗಿ ಎದ್ದು ನಿಂತು ಕೇಳಿದ್ದು ಇಷ್ಟು: "ಹುಡುಗ್ಯಾರಷ್ಟ ಯಾಕ ಶಾಲಿ ಕಸ ಹೊಡದು ನೀರು ತರಬೇಕ್ರೀ ಸರ?"

"ಅದು ಮೊದಲಿಂದ ಬಂದ ಪದ್ಧತಿ ಬೇ."

ಬಿಲ್ಲೆ ಹಾಗೇ ಇತ್ತು. ನನ್ನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು.

"ಹುಡುಗರಿಗೆ ನೆಟ್ಟಗ ಕಸ ಹೊಡಿಯಾಕ ಬರೂದಿಲ್ಲ."

"ಬರ್ತದ್ರೀ ಸರ, ನಮ್ಮ ದನದ ಕೊಟ್ಟಿಗಿ ನಾನ ಹೊಡೀತೀನಿ" ಎಂದ ತಾಯಪ್ಪ. ಈ ಹುಡುಗನಿಗೆ ಎಲ್ಲಿ ಬಾಯಿ ಮುಚ್ಚಬೇಕೆಂಬುದು ಎಂದೂ ತಿಳಿಯಲಿಲ್ಲ.

ಶೇಖಮ್ಮ ನೆಲ ನೋಡುತ್ತ ಹೇಳಿದಳು: "ನಾವು ನೀರಿಗೆ ಹೋದಾಗ ನೀವು ಹುಡುಗರಿಗೆ ಲೆಕ್ಕ ಹೇಳ್ತೀರಿ. ತಿರುಗಿ ಬಂದ ಮ್ಯಾಲ ಲೆಕ್ಕ ಬರಲಿಲ್ಲಂತ ನಮಗ ಹೊಡೀತಿದ್ರಿ."

ನಿಜ. ಹುಡುಗರು ಸುಮ್ಮನೆ ಕೂತಿರುತ್ತಾರಲ್ಲ ಎಂದು ಮೊದಲ ತಾಸಿಗೇ ಲೆಕ್ಕ ಶುರು ಮಾಡುತ್ತಿದ್ದೆ. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಎದ್ದವನೇ ಬಿಲ್ಲೆಗೆ ಕೈ ಹಾಕಿದೆ.

"ಸರ್ರೀ!" ತಾಯಪ್ಪ ಚೀರಿದ. "ಮುಟ್ಟಬ್ಯಾಡ್ರಿ, ಆಕಿ ಇನ್ನೂ ಕೆಳಗದಾಳ!"

ಕೈ ಅಲ್ಲೇ ನಿಂತಿತು. ಬಸ್ಸು ನಿಂತು, ಕಾದು, ಹೊರಟು ಹೋಯಿತು.

ಮೂಲೆಯ ಕಸಬರಿಗೆ ಎತ್ತಿಕೊಂಡು ರಪರಪ ಕಸ ಹೊಡೆದೆ. ಮಕ್ಕಳು ಕಾಲೆತ್ತಿಕೊಂಡು ಕೂತರು, ಯಾರೂ ನಗಲಿಲ್ಲ. "ತಗೋ, ನಾನ ಹೊಡದೀನಿ. ಇನ್ನರ ತಗಿ ಬಿಲ್ಲಿ" ಅಂದೆ.

"ನೀವು ಹೊಡೀರಿ ಅಂತ ಕೇಳಿಲ್ರಿ. ಯಾಕ ಅಂತ ಕೇಳೀನಿ."

ಅವಳು ನಿಂತೇ ಇದ್ದಳು. ಕಸಬರಿಗೆ ಹಿಡಿದೇ ನಾನು ಕುರ್ಚಿಯಲ್ಲಿ ಕುಸಿದೆ. ಹೇಳಲು ಇದ್ದದ್ದು ಒಂದೇ ಮಾತು. ಅದನ್ನು ಮಕ್ಕಳ ಮುಂದೆ ಹೇಳುವುದಕ್ಕಿಂತ ಎರಡು ತಾಸು ನಡೆಯುವುದೇ ಹಗುರ ಅನಿಸಿತು.

"ಹುಡುಗರಿಗೆ ಹೇಳಿದ್ರ ಅವರ ಅಪ್ಪಂದಿರು ಜಗಳಕ್ಕ ಬರ್ತಾರ. ನೀವಾದ್ರ ಇಲ್ಲ ಅನ್ನಂಗಿಲ್ಲಂತ ನನಗ ಗೊತ್ತಿತ್ತು. ಅದಕ್ಕ ನಿಮಗ ಹಚ್ಚಿದೆ. ಬ್ಯಾರೆ ಏನೂ ಇಲ್ಲ."

ಶೇಖಮ್ಮ ಹಲಗೆಯ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ತನ್ನ ಬಿಲ್ಲೆ ತೆಗೆದುಕೊಂಡಳು.

"ಹಂಗಾರ ನಾಳಿಂದ ಇಲ್ಲ ಅಂತೀನ್ರೀ ಸರ."