ಆದೆಮ್ಮನ ಗುಂಪಿಗೆ ಒಬ್ಬರು ಕಮ್ಮಿ

ಶಿವಕಾಂತ ಕೆಂಪು ಬಾವುಟದ ಮಡಿಕೆ ಬಿಚ್ಚಿ ಆದೆಮ್ಮನಿಗೆ ಹೊದಿಸಲು ಬಗ್ಗಿದ. ಅದೇ ಹೊತ್ತಿಗೆ ಆಚೆ ಬದಿಯಿಂದ ವಿರೂಪಾಕ್ಷಪ್ಪನೂ ಬಗ್ಗಿದ. ಅವನ ಕೈಯಲ್ಲೂ ಕೆಂಪು ಬಾವುಟವೇ. ಇಬ್ಬರೂ ಒಂದು ಕಾಲಕ್ಕೆ ಒಂದೇ ಕೂಲಿಕಾರರ ಸಂಘ ಕಟ್ಟಿದವರು. ಸಂಘ ಒಡೆದ ಮೇಲೆ ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದವರು. ಈಗ ಸತ್ತವಳ ಮುಂದೆ ಎರಡು ತಲೆ ಢಿಕ್ಕಿ ಹೊಡೆಯುವುದೊಂದೇ ಬಾಕಿ ಇತ್ತು.

"ಎರಡೂ ಬ್ಯಾಡ್ರಿ ಸರಾ," ಎಂದಳು ಆದೆಮ್ಮನ ಮಗಳು ಜ್ಯೋತಿ. "ನಮ್ಮವ್ವನ ಮೈಮ್ಯಾಲ ಆಕಿ ಸೀರಿನ ಇರ್ಲಿ."

ಮುಖಂಡರಿಬ್ಬರೂ ತಮ್ಮ ತಮ್ಮ ಬಾವುಟ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ನಡುವೆ ಇನ್ನೊಬ್ಬರು ಆರಾಮಾಗಿ ಕೂರುವಷ್ಟು ಜಾಗ ಬಿಟ್ಟರು.

ಆದೆಮ್ಮನನ್ನು ಒಳಗೆ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ. ನಿನ್ನೆ ಸಂಜೆ ಗದ್ದೆಯಲ್ಲಿ ಭತ್ತದ ಸಸಿ ಕೀಳುತ್ತಿದ್ದವಳು, ಎದೆ ಹಿಡಿದಂಗಾಗೈತಿ ಎಂದು ಬದುವಿಗೆ ಒರಗಿದ್ದೇ ಕಡೆ, ಮತ್ತೆ ಏಳಲಿಲ್ಲ. ಊರಿನ ಹೆಂಗಸರನ್ನು ಕಟ್ಟಿಕೊಂಡು ನಾಟಿ ಗುಂಪು ನಡೆಸುತ್ತಾ ಬಂದವಳು ಆಕೆ. ಇವಳ ಗುಂಪು ಹಚ್ಚಿದ ಗದ್ದೆಯಲ್ಲಿ ಸಾಲು ಸೊಟ್ಟಗಾಗುವುದಿಲ್ಲ ಎಂದು ರೈತರು ಹುಡುಕಿಕೊಂಡು ಬರುತ್ತಿದ್ದರು.

ಶಿವಕಾಂತ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಬೆಳಿಗ್ಗೆ ಬಸ್ಸಿನುದ್ದಕ್ಕೂ ತುಟಿ ಅಲ್ಲಾಡಿಸುತ್ತ ಬಂದಿದ್ದ. ಮಣ್ಣು ಮಾಡುವ ಮುಂಚೆ ನಾಲ್ಕು ಮಾತಾಡಬೇಕು, ಊರಿನ ಮುಂದೆ ಆಡಬೇಕು. ಇಲ್ಲವಾದರೆ ಇವತ್ತು ಮನೆಗೆ ಹೋಗಿ ಒಂದು ತುತ್ತು ಅನ್ನ ನುಂಗಲಾರೆ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಆಡಬೇಕಾದ ಆ ಮಾತಿಗೆ ಕಾರಣಳಾದವಳು ಅಂಗಳದಾಚೆ ಬೇವಿನ ಗಿಡದ ಬುಡದಲ್ಲಿ ಒಬ್ಬಳೇ ಕೂತಿದ್ದಳು. ಪಾಮನಕಲ್ಲೂರಿನಿಂದ ಬಂದಿದ್ದ ಹುಲಿಗೆಮ್ಮ, ಆದೆಮ್ಮನ ಒಡಹುಟ್ಟಿದ ತಂಗಿ. ಒಳಗೆ ಹಾಡಿಕೊಂಡು ಅಳುತ್ತಿದ್ದ ಹೆಂಗಸರು ಅವಳನ್ನು ನೋಡಿಯೂ ಸರಿದು ಜಾಗ ಕೊಟ್ಟಿರಲಿಲ್ಲ. ಯಾರೂ ಬಾ ಅನ್ನಲಿಲ್ಲ, ಅವಳೂ ಎದ್ದು ಹೋಗಲಿಲ್ಲ.

*

ಆರು ವರ್ಷದ ಹಿಂದಿನ ಮಾತು. ಸಿಂಧನೂರಿನ ಸಂಘದ ಕಚೇರಿಯಲ್ಲಿ ನಾಟಿ ಕೂಲಿ ಏರಿಸಲು ಮುಷ್ಕರ ಮಾಡಬೇಕೋ ಬೇಡವೋ ಎಂದು ಸಭೆ ಸೇರಿತ್ತು. ವಿರೂಪಾಕ್ಷಪ್ಪ ಎದ್ದು ನಿಂತು ತನ್ನ ಎಂದಿನ ನಿಧಾನದಲ್ಲಿ ಹೇಳಿದ:

"ಪಾಮನಕಲ್ಲೂರು ಕಡೆ ಮಳಿ ಇಲ್ಲ, ಜನ ಖಾಲಿ ಕುಂತಾರ. ಮೊದ್ಲ ಅಲ್ಲಿ ಸರ್ಕಾರದ ಕೆಲಸ ತೆಗಸೋಣ. ಕೆರಿ ಹೂಳು ಎತ್ತಲಿ, ಏನೂ ಇಲ್ಲಂದ್ರ ತಗ್ಗು ತೋಡಿ ಮುಚ್ಚಲಿ, ಒಟ್ಟಿನ್ಯಾಗ ಕೈಗೆ ಕೆಲಸ ಸಿಗಲಿ. ಅವರು ಖಾಲಿ ಇರೂತನಕ ಇಲ್ಲಿ ಮುಷ್ಕರ ನಿಲ್ಲಂಗಿಲ್ಲ. ಟೆಂಪೊ ಕಳಿಸಿ ಅವರನ್ನ ಕರಸ್ತಾರ."

"ಇದು ಅಪ್ಪಟ ಕೀನ್ಸ್‌ವಾದ, ಕಾಮ್ರೇಡ್!" ಎಂದ ಶಿವಕಾಂತ. "ಬಂಡವಾಳಶಾಹಿ ಗಾಡಿ ಪಂಚರ್ ಆದಾಗೊಮ್ಮೆ ತ್ಯಾಪಿ ಹಚ್ಚಿ ಗಾಳಿ ಹೊಡಿಯಾಕ ನಾವೇನು ಸೈಕಲ್ ಅಂಗಡಿ ಇಟ್ಟೀವೇನು?"

ಸಭೆ ಹೋ ಎಂದು ನಕ್ಕಿತು. ಅರ್ಥಶಾಸ್ತ್ರಜ್ಞ ಕೀನ್ಸ್‌ನ ಅದೇ ವಾದವನ್ನು ಶಿವಕಾಂತ ಕಾಲೇಜಿನಲ್ಲಿ ವರ್ಷವರ್ಷವೂ ಮನಸ್ಸಿಟ್ಟು ಪಾಠ ಮಾಡುತ್ತಿದ್ದ. ಬಡವನ ಕೈಗೆ ಕೆಲಸ ಸಿಕ್ಕರೆ ಊರಿನ ಅಂಗಡಿ ನಡೆಯುತ್ತದೆ, ಅಂಗಡಿ ನಡೆದರೆ ಮತ್ತೊಬ್ಬನಿಗೆ ಕೆಲಸ ಹುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುತ್ತಿದ್ದ. ಪರೀಕ್ಷೆಗೆ ಆಗುತ್ತಿದ್ದ ಮಾತು ಸಭೆಗೆ ಆಗುತ್ತಿರಲಿಲ್ಲ.

ಹಿಂದಿನ ಸಾಲಿನಿಂದ ಆದೆಮ್ಮ ಎದ್ದಳು. "ಸರಾ, ನಮ್ಮ ತಂಗಿನೂ ಪಾಮನಕಲ್ಲೂರಾಗ ಅದಾಳ. ನಾಳಿ ಆಕಿನ್ನ ಟೆಂಪೊದಾಗ ಕರಕೊಂಡು ಬಂದ್ರ ಏನ್ ಮಾಡೂದ್ರಿ?"

"ನಿನ್ನ ತಂಗಿ ನಿನ್ನ ಗಂಗಾಳಕ್ಕ ಕೈ ಹಾಕ್ತಾಳೇನಬೇ ಆದೆಮ್ಮಾ?" ಎಂದ ಶಿವಕಾಂತ.

ಚಪ್ಪಾಳೆ ಬಿತ್ತು. ಆದೆಮ್ಮ ಇನ್ನೇನೋ ಕೇಳಬೇಕೆಂದಿದ್ದಳು. ಚಪ್ಪಾಳೆಯ ಸದ್ದಿಗೆ ನಾಚಿ ಕೂತುಬಿಟ್ಟಳು.

ಮುಷ್ಕರ ಶುರುವಾಗಿ ವಾರ ತುಂಬುವ ಮೊದಲೇ ಟೆಂಪೊ ಬಂತು. ಅದರಲ್ಲಿ ಹುಲಿಗೆಮ್ಮ ಇದ್ದಳು. ಕಾಲುವೆ ಏರಿಯ ಮೇಲೆ ಅಡ್ಡ ನಿಂತಿದ್ದ ಆದೆಮ್ಮ ತಂಗಿಯನ್ನು ಕಂಡು ಬಾಯಿ ಬಾರದೆ ಶಿವಕಾಂತನ ಕಡೆ ತಿರುಗಿದಳು. "ಅನ್ನಬೇ," ಎಂದ ಶಿವಕಾಂತ. "ದ್ರೋಹಿ ಯಾರಿದ್ರೂ ದ್ರೋಹಿನ." ಆದೆಮ್ಮ ಅಂದಳು. ಒಮ್ಮೆ ಬಾಯಿ ಬಿಚ್ಚಿದ ಮೇಲೆ ತಡೆಯಲಾರದೆ ಹೆತ್ತವರನ್ನೂ ಸೇರಿಸಿ ಬೈದಳು. ಗುಂಪಿನ ಹೆಂಗಸರೆಲ್ಲ ದನಿಗೂಡಿಸಿದರು. "ಯಕ್ಕಾ, ಅಲ್ಲಿ ಏನೂ ಕೆಲಸ ಇಲ್ಲ ಯಕ್ಕಾ," ಎನ್ನುತ್ತಿದ್ದ ಹುಲಿಗೆಮ್ಮನ ಮಾತು ಅದರಲ್ಲಿ ಮುಳುಗಿಹೋಯಿತು.

ಮುಷ್ಕರ ಮುರಿಯಿತು, ಅದರ ಹಿಂದೆಯೇ ಸಂಘವೂ ಒಡೆಯಿತು. ಮೊದಲಿಗಿಂತ ಕಮ್ಮಿ ಕೂಲಿಗೆ ಆದೆಮ್ಮನ ಗುಂಪು ಗದ್ದೆಗೆ ಇಳಿಯಿತು. ಅಕ್ಕ ತಂಗಿ ಆಮೇಲೆ ಮಾತಾಡಲಿಲ್ಲ. ಶಿವಕಾಂತನ ಸಂಬಳ ಮಾತ್ರ ಒಂದು ದಿನವೂ ಮುರಿಯಲಿಲ್ಲ. ಮುಷ್ಕರಕ್ಕೆ ಬರಲು ಅವನು ಗಳಿಕೆ ರಜೆ ಹಾಕಿದ್ದ. ಆ ನೆನಪು ಬಂದಾಗೆಲ್ಲ ಅವನಿಗೆ ತನ್ನ ಮುಖವನ್ನು ತಾನೇ ನೋಡಿಕೊಳ್ಳಲು ಹೇಸಿಗೆಯಾಗುತ್ತಿತ್ತು.

*

ಹೊತ್ತು ಏರುತ್ತಿದ್ದಂತೆ ಗದ್ದೆಯ ಮಾಲೀಕನ ಆಳು ಬಂದು ಅಂಗಳದ ತುದಿಯಲ್ಲಿ ನಿಂತ. ಆದೆಮ್ಮನ ನಂತರ ಗುಂಪಿಗೆ ದೊಡ್ಡವಳಾದ ಸುರೇಖಾ ಎದ್ದು ಹೋಗಿ ಮಾತಾಡಿ ಬಂದಳು.

"ಕಿತ್ತಿಟ್ಟ ಸಸಿ ಬಿಸಿಲಿಗೆ ಬಾಡಾಕತ್ತಾವಂತ," ಎಂದಳು. "ಇವತ್ತು ಸಂಜಿ ಒಳಗ ನಾಟಿ ಮುಗೀಬೇಕು. ಇಲ್ಲಂದ್ರ ನಾಳಿ ಮಷೀನ್ ಇಳಸ್ತಾರಂತ. ಮಷೀನ್ ಒಮ್ಮಿ ಇಳೀತಂದ್ರ ಈ ವರ್ಷ ನಮ್ಮನ್ನ ಯಾರೂ ಕರಿಯಂಗಿಲ್ಲ."

ಹೆಂಗಸರೆಲ್ಲ ಕಟ್ಟೆಯ ಕಡೆ ನೋಡಿದರು. ಹಳೆಯ ರೂಢಿ. ಶಿವಕಾಂತನ ನಾಲಿಗೆಯ ತುದಿಗೆ ಮಾತು ಬಂದೇಬಿಟ್ಟಿತ್ತು: ಸಾವಿನ ಮನೆಯ ಹೆಂಗಸರನ್ನು ದುಡಿಯಲು ಕರೆಯುತ್ತಾರೆಂದರೆ ಏನರ್ಥ, ಯಾರೂ ಹೋಗಬಾರದು! ಹಲ್ಲು ಕಚ್ಚಿ ನುಂಗಿಕೊಂಡ. ವಿರೂಪಾಕ್ಷಪ್ಪನೂ ನೆಲ ನೋಡುತ್ತ ಕೂತಿದ್ದ.

"ಹೋಗ್ರಿ," ಎಂದಳು ಜ್ಯೋತಿ. "ಅವ್ವ ಕಿತ್ತಿಟ್ಟ ಸಸಿ. ಒಣಗಿಸಬ್ಯಾಡ್ರಿ. ಲಿಂಗಸುಗೂರಿನ ಬೀಗರು ಬಂದ ಮ್ಯಾಲ ನಾವು ಮಣ್ಣು ಮಾಡ್ತೀವಿ."

"ಒಬ್ಬರು ಕಮ್ಮಿ ಬೀಳ್ತಾರಲ್ಲಬೇ," ಎಂದಳು ಸುರೇಖಾ. "ಸಸಿ ಕಟ್ಟು ಹೊತ್ತು ಕೊಡೋರು ಇಲ್ಲಂದ್ರ ಮುಗಿಯಂಗಿಲ್ಲ."

ಆಗ ಬೇವಿನ ಬುಡದಿಂದ ಹುಲಿಗೆಮ್ಮ ಎದ್ದು ಸೆರಗು ಸೊಂಟಕ್ಕೆ ಸಿಗಿಸಿದಳು. "ನಾ ಬರ್ತೀನಿ. ಆಗ್ಲೂ ಆಕಿ ಜಾಗದಾಗ ನಾನ ಇಳಿದಿದ್ದೆ. ಇವತ್ತೂ ನಾನ ಇಳೀತೀನಿ. ಹೆಂಗೂ ನನಗ ಒಳಗ ಜಾಗ ಇಲ್ಲ."

ಅಳು ನಿಂತಿತು. ತಪ್ಪು ತನ್ನದೆಂದು ಶಿವಕಾಂತ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತನ್ನು ಈಗ ಆಡಬಹುದಿತ್ತು. ಆಡಿದರೆ ಮತ್ತೆ ಎಲ್ಲರೂ ತನ್ನ ಮುಖವನ್ನೇ ನೋಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬಾವುಟವನ್ನು ಕಟ್ಟೆಯ ಮೇಲೆ ಇಟ್ಟು ಎದ್ದ. ಚಪ್ಪಲಿ ಕಳಚಿ ಪ್ಯಾಂಟನ್ನು ಮೊಣಕಾಲಿನತನಕ ಮಡಚಿದ.

"ಹುಲಿಗೆಮ್ಮಾ, ನೀ ನಿಮ್ಮಕ್ಕನ ಹತ್ರ ಕುಂದ್ರು. ಕಟ್ಟು ನಾ ಹೊರ್ತೀನಿ."

ಹುಲಿಗೆಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಕ್ಷಮೆಯ ಕಳೆ ಏನೂ ಆ ನೋಟದಲ್ಲಿರಲಿಲ್ಲ.

"ಲೇ ಶಿವಕಾಂತ," ಎಂದ ವಿರೂಪಾಕ್ಷಪ್ಪ. ಆರು ವರ್ಷದಲ್ಲಿ ಅವನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ನಾಕು ಮಾತಾಡ್ಬೇಕು ಅಂತ ಬಂದಿರಬೇಕಲ್ಲ. ಮಣ್ಣಿಗಿ ಇರಂಗಿಲ್ಲೇನು?"

"ಮಾತಾಡಿದ್ದು ಸಾಕಾತಪ. ನೀ ಹೆಗಲು ಕೊಡು. ನನಗ ಆ ಹಕ್ಕೂ ಇಲ್ಲ."

ಅಷ್ಟರಲ್ಲಿ ಜ್ಯೋತಿ ಹೊಸ್ತಿಲಿಗೆ ಬಂದು ಹುಲಿಗೆಮ್ಮನ ಕೈ ಹಿಡಿದಳು. "ಬಾ ಚಿಗವ್ವಾ." ಒಳಗಿನ ಹೆಂಗಸರು ಒಬ್ಬೊಬ್ಬರಾಗಿ ಗದ್ದೆಗೆಂದು ಏಳತೊಡಗಿದರು. ಆದೆಮ್ಮನ ಪಕ್ಕದಲ್ಲಿ ಜಾಗವಾಯಿತು.

*

ಸಸಿ ಕಟ್ಟು ನೀರು ಕುಡಿದು ಭಾರವಾಗಿತ್ತು. ಶಿವಕಾಂತ ಎರಡು ಸಲ ಜಾರಿ ಬಿದ್ದ. ಯಾರೂ ನಗಲಿಲ್ಲ, ಯಾರೂ ಕೈ ಕೊಡಲಿಲ್ಲ. ಸಾಲು ಮುಂದೆ ಮುಂದೆ ಹೋಗುತ್ತಿತ್ತು. ಅವನು ಕಟ್ಟು ತಂದು ಇಡುತ್ತ ಅವರ ಹಿಂದೆ ಏದುಸಿರು ಬಿಡುತ್ತಿದ್ದ.

ಮಧ್ಯಾಹ್ನ ಇಳಿಯುವಾಗ ಊರ ಕಡೆಯಿಂದ ಹಲಗೆಯ ಸದ್ದು ಕೇಳಿಸಿತು. ಕಾಲುವೆ ಏರಿಯ ಮೇಲೆ ಮೆರವಣಿಗೆ ಕಂಡಿತು. ಮುಂದಿನ ಹೆಗಲು ವಿರೂಪಾಕ್ಷಪ್ಪನದು. ಹಿಂದೆ ಜ್ಯೋತಿಯನ್ನು ತಬ್ಬಿಕೊಂಡು ಹುಲಿಗೆಮ್ಮ ಬರುತ್ತಿದ್ದಳು.

"ಹೊಂಟಾಳ ನೋಡ್ರೆ," ಎಂದಳು ಸುರೇಖಾ.

ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. ಸುರೇಖಾ ಬಗ್ಗಿ ಕಾಲ ಬುಡದಿಂದ ಒಂದು ಹಿಡಿ ಮಣ್ಣು ಎತ್ತಿ ಏರಿಯ ಕಡೆ ಕೈ ನೀಡಿ ಬಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಮಣ್ಣು ನೀರಿಗೆ ಬೀಳುವ ಸದ್ದು ಸಾಲಿನುದ್ದಕ್ಕೂ ಕೇಳಿಸಿತು.

ಶಿವಕಾಂತನೂ ಒಂದು ಹಿಡಿ ಎತ್ತಿ ಕೈ ನೀಡಿದ. ಜಿಗುಟು ಎರೆಮಣ್ಣು ಬೀಳಲಿಲ್ಲ. ಕೊಡವಿದ, ಬೆರಳು ಬಿಡಿಸಿ ಮತ್ತೆ ಕೊಡವಿದ. ಆಗಲೇ ಹೆಂಗಸರು ಬೆನ್ನು ಬಗ್ಗಿಸಿಯಾಗಿತ್ತು.

"ಸರಾ, ಸಸಿ!" ಎಂದು ಸುರೇಖಾ ಕೂಗಿದಳು.

ಅವನು ಅದೇ ಕೈಯಲ್ಲಿ ಮುಂದಿನ ಕಟ್ಟು ಎತ್ತಿಕೊಂಡ.