ಸಮುದ್ರದ ಕಡೆ ವಾಲಿದ ಹೊಗೆ

ಚಟ್ಟಕ್ಕೆ ಹೆಗಲು ಕೊಡಲು ನಾಲ್ವರು ಬಗ್ಗಿದರು. ಲಿಂಗಮ್ಮ ಹಿಡಿದ ಬಿದಿರು ಬಿಡಲಿಲ್ಲ.

"ಇನ್ನೊಂದು ಗಳಿಗೆ ತಡೀರಪ್ಪ. ರಾಕೆಟ್ ಹೋಗೈತೆ, ಫೋಟೋ ಬರಬೇಕು."

"ರಾಹುಕಾಲ ಬತ್ತದೆ ಅತ್ತಿಗೆ," ಎಂದ ಸತ್ತವನ ತಮ್ಮ ಗಂಗಹನುಮಯ್ಯ. "ಅಣ್ಣನ್ನ ಮಣ್ಣು ಮಾಡೋ ಹೊತ್ತಲ್ಲಿ ರಾಕೆಟ್ ಏನತ್ತಿಗೆ?"

ಮಲ್ಲತ್ತಹಳ್ಳಿಯ ಆ ಬೀದಿಯಲ್ಲಿ ನೆರೆದವರು ಮುಖ ಮುಖ ನೋಡಿಕೊಂಡರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ತಲೆ ಕೆಟ್ಟಿರಲಿಲ್ಲ. ಗಂಡ ಮರಿಯಪ್ಪ ಮಣ್ಣಿಗೆ ಹೋಗುವ ಮೊದಲು ಅವಳಿಗೆ ಒಂದು ವಿಷಯ ಗೊತ್ತಾಗಬೇಕಿತ್ತು: ಇಷ್ಟು ದಿನ ತಾನು ಅವನಿಗೆ ಹೇಳುತ್ತಾ ಬಂದದ್ದು ನಿಜವೋ, ಸುಳ್ಳೋ. ಮಗಳು ಬಿಂದುಶ್ರೀ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಮೋಡದ ಚಿತ್ರವನ್ನು ಮತ್ತೆ ಮತ್ತೆ ತೆರೆಯುತ್ತಿದ್ದಳು.

*

ಮರಿಯಪ್ಪನದು ಹಿಟ್ಟಿನ ಮಿಲ್ಲು. ರಾಗಿ, ಸಂಡಿಗೆ ಒಣಗಿಸುವವರಿಗೆಲ್ಲ ಮಳೆ ಹೇಳುವ ಚಟ ಹತ್ತಿ, ಉಪಗ್ರಹ ತೆಗೆದ ಮೋಡದ ಚಿತ್ರಗಳನ್ನು ದಿನವೂ ಮೊಬೈಲಿನಲ್ಲಿ ನೋಡುತ್ತಿದ್ದ. ಹೇಳಿದ್ದರಲ್ಲಿ ಅರ್ಧ ಸುಳ್ಳಾಗುತ್ತಿತ್ತು, ಆ ಮಾತು ಬೇರೆ. ಒಂದು ದಿನ ಶ್ರೀಹರಿಕೋಟಾದ ಪಕ್ಕ, ಮೋಡವಿಲ್ಲದ ಕಡಲಿನ ಮೇಲೆ, ಬಿಳಿ ಎಳೆಯೊಂದು ಕಂಡಿತು. ಮುಂದಿನ ಚಿತ್ರದಲ್ಲಿ ಇರಲಿಲ್ಲ. ಆ ಹೊತ್ತಿಗೆ ಅಲ್ಲಿಂದ ಹಾರಿದ ರಾಕೆಟ್ಟಿನ ಹೊಗೆ! ಅಂದಿನಿಂದ ಹಗಲು ಹೊತ್ತು ರಾಕೆಟ್ ಹಾರಿದಾಗಲೆಲ್ಲ ಮಿಲ್ಲು ಬಂದ್.

"ಟಿವೀಲೇ ತೋರಿಸ್ತಾರಲ್ರೀ," ಎಂದು ಲಿಂಗಮ್ಮ ಛೇಡಿಸಿದರೆ, "ಅದು ಅವರು ತೋರ್ಸೋದು ಕಣೇ. ಇದು ನಾನು ಹುಡುಕ್ಕೊಂಡಿದ್ದು," ಎನ್ನುತ್ತಿದ್ದ.

ಆಮೇಲೆ ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿತು. ನೋಡುವ ಕೆಲಸ ಲಿಂಗಮ್ಮನ ಪಾಲಿಗೆ ಬಂತು.

"ಬಂತೇನೇ?"

"ಬಂತು."

"ಯಾವ ಕಡೆ ವಾಲೈತೆ?"

"ಸಮುದ್ರದ ಕಡೆ."

ಅವಳಿಗೆ ಕಂಡದ್ದೆಲ್ಲ ಹತ್ತಿ ಹರಡಿದ ಹಾಗೆ ಬೆಳ್ಳಗೆ, ಅಷ್ಟೇ. ಅದರಲ್ಲಿ ಯಾವುದು ಮೋಡ, ಯಾವುದು ಹೊಗೆ? ಆದರೆ ಅವನ ಮುಖ ಅರಳುವುದನ್ನು ಕಂಡಮೇಲೆ ಇಲ್ಲವೆನ್ನಲು ನಾಲಿಗೆ ಏಳುತ್ತಿರಲಿಲ್ಲ.

*

"ಬಂತಮ್ಮ, ನೋಡು," ಎಂದು ಬಿಂದುಶ್ರೀ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಳು. ಕರಾವಳಿಯ ಗೆರೆಯಾಚೆ, ಕಪ್ಪು ನೀರಿನ ಮೇಲೆ, ಉಗುರಿನಲ್ಲಿ ಗೀರಿದಷ್ಟು ಬಿಳುಪು.

ಲಿಂಗಮ್ಮ ಬಹಳ ಹೊತ್ತು ನೋಡಿದಳು.

"ಇಷ್ಟೇನಾ? ಇದನ್ನ ನಾನು ಒಂದ್ಸಲಾನೂ ನೋಡೇ ಇಲ್ಲ ಕಣೇ. ಬರೀ ಮೋಡ ನೋಡಿ ಬಂತು, ಬಂತು ಅಂದ್ಬಿಟ್ಟೆ. ಕಣ್ಣಿಲ್ಲದೋರ್ಗೆ ಮೋಸ ಮಾಡ್ಬಿಟ್ಟೆ."

"ಅಪ್ಪಂಗೆ ಗೊತ್ತಿತ್ತಮ್ಮ."

"ಏನು?"

"ಹೋದ ಸಲ ರಾಕೆಟ್ ಹಾರಲೇ ಇಲ್ಲ, ಕೊನೇ ಗಳಿಗೇಲಿ ನಿಲ್ಲಿಸಿದ್ರು. ಆವತ್ತೂ ನೀನು ಬಂತು ಅಂದ್ಯಂತೆ. ಅಪ್ಪ ನಂಗೆ ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು. 'ಹಾರದೇ ಇರೋ ರಾಕೆಟ್ಟಿಗೂ ನಿಮ್ಮಮ್ಮ ಹೊಗೆ ಬರಿಸ್ಬಿಟ್ಲು ಕಣಮ್ಮ. ಹೇಳ್ಬೇಡ. ಹೇಳಿದ್ರೆ ಪಕ್ಕ ಕೂತ್ಕೊಳೋದು ಬಿಟ್ಬಿಡ್ತಾಳೆ' ಅಂದ್ರು."

ಲಿಂಗಮ್ಮನಿಗೆ ನಗು ಬಂತು. ನಗು ಮುಗಿಯುವ ಮೊದಲೇ ಅಳು ಒತ್ತರಿಸಿತು. ತಮಟೆಯವರು ಕೈ ತಡೆದರು. ಗಂಗಹನುಮಯ್ಯ ಹೆಗಲು ಕೊಡಲು ಬಂದವರಿಗೆ ತಡೆಯುವಂತೆ ಕೈಸನ್ನೆ ಮಾಡಿದ.

ಅವಳು ಬಿದಿರು ಬಿಟ್ಟು, ಮಗಳ ಕೈಯಿಂದ ಮೊಬೈಲ್ ತೆಗೆದುಕೊಂಡು, ಚಟ್ಟದ ಪಕ್ಕ ನೆಲಕ್ಕೇ ಕೂತಳು. ಹೂವಿನ ಹಾರ ಸರಿಸಿ ಗಂಡನ ಕಿವಿಗೆ ಬಾಗಿದಳು.

"ಚಿಕ್ಕದು ಕಣ್ರೀ. ಒಂದು ಎಳೆ, ಅಷ್ಟೇ. ವಾಲಿರೋದು... ತಡೀರಿ, ಸರಿಯಾಗಿ ನೋಡಿ ಹೇಳ್ತೀನಿ."

ಸೆರಗಿನಿಂದ ಕಣ್ಣೊರೆಸಿಕೊಂಡು, ಮೊಬೈಲನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು.