ರಸ್ತೆ ಕಡೆಯ ಕೋಣೆ

ದುಬೈಗೆ ಹೋಗುವುದೆಂದು ತೀರ್ಮಾನವಾದ ದಿನವೇ ನನ್ನ ಗಂಡ ನಿತ್ಯಾನಂದ ಒಂದು ಷರತ್ತು ಹಾಕಿದರು.

"ಇದೊಂದು ಸಲ ನೋಡುವ ರತ್ನಾ. ಪುನಃ ಕೊಚ್ಚಿಯ ಹಾಗೆ ಆದ್ರೆ, ಇವನಿಗೆ ಮೀಸೆ ಬರುವವರೆಗೆ ನಾವು ಎಲ್ಲಿಗೂ ಇಲ್ಲ."

ಕೊಚ್ಚಿಯಲ್ಲಿ ಆದದ್ದು ಇಷ್ಟು. ನಮ್ಮ ಮಗ ಶೋಭಿತ್‌ಗೆ ಹತ್ತು ವರ್ಷ. ಶಬ್ದಗಳು ಅವನಿಗೆ ನಮಗಿಂತ ಹೆಚ್ಚು ತಾಗುತ್ತವೆ. ಕಳೆದ ವರ್ಷ ಕೊಚ್ಚಿಯ ಹೋಟೆಲಿನಲ್ಲಿ ಮೊದಲ ರಾತ್ರಿ ಅವನು ಕಿವಿ ಮುಚ್ಚಿಕೊಂಡು ಹಾಸಿಗೆಯ ಮೇಲೆ ಕುಳಿತೇ ಬೆಳಗು ಮಾಡಿದ. ಮರುದಿನ ಅವನಿಗೆ ನಡೆಯಲೂ ಆಗಲಿಲ್ಲ, ಉಣ್ಣಲೂ ಆಗಲಿಲ್ಲ. ಇನ್ನೂ ಮೂರು ದಿನದ ಬುಕಿಂಗ್ ಇದ್ದರೂ ಮಧ್ಯಾಹ್ನದ ರೈಲು ಹತ್ತಿ ಮಂಗಳೂರಿಗೆ ವಾಪಸ್ ಬಂದೆವು. ರೈಲಿನಲ್ಲಿ ಅವನು, "ನನ್ನಿಂದಾಗಿ ಬಂದದ್ದಾ ಅಮ್ಮಾ?" ಎಂದು ಕೇಳಿದ. "ಅಲ್ಲ ಮಗಾ, ನನಗೆ ತಲೆನೋವು" ಎಂದೆ. ಅವನು ನಂಬಲಿಲ್ಲ. ನಂಬುವ ಹಾಗೆ ಹೇಳಲು ನನಗೂ ಬರಲಿಲ್ಲ.

ದುಬೈ ಯಾಕೆಂದರೆ ಮಂಗಳೂರಿನ ಬಜ್ಪೆಯಿಂದ ನೇರ ವಿಮಾನ ಉಂಟು, ಮತ್ತು ಅಲ್ಲಿ ಚಾಲಕನಿಲ್ಲದ ಮೆಟ್ರೋ ರೈಲು ಉಂಟು. ಎರಡು ವರ್ಷಗಳಿಂದ ಅವನು ಅದರ ವಿಡಿಯೋ ನೋಡುತ್ತಿದ್ದಾನೆ. ಸ್ಟೇಷನ್‌ಗಳ ಹೆಸರನ್ನು ಮಗ್ಗಿಯ ಹಾಗೆ ಕ್ರಮವಾಗಿ ಹೇಳುತ್ತಾನೆ, ಉಲ್ಟಾ ಕೂಡ. ಡಿಸೆಂಬರ್ ರಜೆಯಲ್ಲಿ ನಾಲ್ಕು ದಿನ. ಟಿಕೆಟ್ ಗಂಡನ ಪಾಲಿಗೆ, ಹೋಟೆಲ್ ಹುಡುಕುವ ಕೆಲಸ ನನ್ನ ಪಾಲಿಗೆ.

ನಾವೂ ಅದೇ ವ್ಯಾಪಾರದವರು. ತೊಕ್ಕೊಟ್ಟಿನಲ್ಲಿ ಹೆದ್ದಾರಿಯ ಬದಿಗೆ ನಮ್ಮದೊಂದು ಲಾಡ್ಜ್ ಇದೆ, ಹದಿನೆಂಟು ಕೋಣೆ. ದೇರಳಕಟ್ಟೆಯ ಆಸ್ಪತ್ರೆಗಳಿಗೆ ಬರುವ ರೋಗಿಗಳ ಮನೆಯವರು ಹೆಚ್ಚಾಗಿ ಬಂದು ಉಳಿಯುತ್ತಾರೆ. ಒಂಬತ್ತು ಕೋಣೆ ಎದುರಿಗೆ, ರಸ್ತೆಯ ಕಡೆ. ಒಂಬತ್ತು ಹಿಂದಕ್ಕೆ, ತೆಂಗಿನ ತೋಟದ ಕಡೆ. ಹಿಂದಿನವಕ್ಕೆ ಇನ್ನೂರು ರೂಪಾಯಿ ಜಾಸ್ತಿ, ಅವೇ ಮೊದಲು ತುಂಬುವುದು.

ಕೊಡಿಯಾಲ್‌ಬೈಲಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೇ ಟ್ರಾವೆಲ್ ಆಫೀಸ್ ಇಟ್ಟುಕೊಂಡಿರುವ ಲ್ಯಾನ್ಸಿಯನ್ನು ಮೊದಲು ಕೇಳಿದೆ. ಅವನು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದ.

"ಇದು ನೋಡಿ ರತ್ನಕ್ಕ. ಊರಿನ ಗಲಾಟೆಯಿಂದ ಹೊರಗೆ. ಸುತ್ತ ಗಾರ್ಡನ್. ಪಿನ್ ಬಿದ್ರೆ ಕೇಳ್ತದೆ. ಶೋಭಿತ್‌ಗೆ ಹೇಳಿ ಮಾಡಿಸಿದ ಹಾಗೆ ಉಂಟು."

"ಮೆಟ್ರೋ ಎಷ್ಟು ದೂರ?"

"ಟ್ಯಾಕ್ಸಿಯಲ್ಲಿ ಇಪ್ಪತ್ತೈದು ನಿಮಿಷ ಅಷ್ಟೇ."

ದಿನಕ್ಕೆ ಹನ್ನೊಂದು ಸಾವಿರ. ಟ್ಯಾಕ್ಸಿ ಬೇರೆ. ಪಟ್ಟಿಯಲ್ಲಿ ಅದರ ಕೆಳಗೇ ಇನ್ನೊಂದಿತ್ತು, ಐದು ಸಾವಿರದ ಇನ್ನೂರು, ಮುಖ್ಯರಸ್ತೆಯಲ್ಲಿ, ಸ್ಟೇಷನ್ ಎದುರಿಗೇ. ನಾನು ಅದನ್ನು ಬೆರಳಿಟ್ಟು ತೋರಿಸಿದೆ.

"ಅದು ಬೇಡ ಮಾರ್ರೆ" ಎಂದ ಲ್ಯಾನ್ಸಿ. "ಉಳಿದವರು ಬರೆದದ್ದು ನೋಡಿ. ಇಡೀ ರಾತ್ರಿ ಗಾಡಿಗಳು, ಕಿಟಕಿಯ ಎದುರೇ ಮೆಟ್ರೋ. ಅಲ್ಲಿ ಮಲಗುದಕ್ಕಿಂತ ಪಂಪ್‌ವೆಲ್ ಸರ್ಕಲಲ್ಲಿ ಚಾಪೆ ಹಾಕುದು ಒಳ್ಳೆದು."

ಎರಡನ್ನೂ ಬರೆದುಕೊಂಡು ಮೇಲೆ ಬಂದೆ. ಹನ್ನೊಂದು ಸಾವಿರ ಕೊಟ್ಟರೂ ಅವನು ಮಲಗುತ್ತಾನೆಂದು ಏನು ಗ್ಯಾರಂಟಿ? ಕೊಚ್ಚಿಯದ್ದೂ ಒಳ್ಳೆಯ ಹೋಟೆಲೇ. ಸಾಯಂಕಾಲ ಬಟ್ಟೆ ಮಡಚುವಾಗ ಒಂದು ಯೋಚನೆ ಬಂತು. ನಮ್ಮದೇ ಹದಿನೆಂಟು ಕೋಣೆ ಇರುವಾಗ, ಎಂಥ ಕೋಣೆಯಲ್ಲಿ ಇವನಿಗೆ ನಿದ್ದೆ ಬರುತ್ತದೆಂದು ಇಲ್ಲೇ ನೋಡಬಹುದಲ್ಲ!

ಶನಿವಾರ ನಾನೂ ಶೋಭಿತ್‌ನೂ ಬಸ್ಸು ಹತ್ತಿ ನೇತ್ರಾವತಿ ಸೇತುವೆ ದಾಟಿ ಲಾಡ್ಜಿಗೆ ಹೋದೆವು. ಇಪ್ಪತ್ತು ವರ್ಷಗಳಿಂದ ಅಲ್ಲಿ ಕೋಣೆಗಳನ್ನು ನೋಡಿಕೊಳ್ಳುವ ತುಕ್ರ ಹಿಂದಿನ ಹದಿನಾಲ್ಕನೆಯದನ್ನು ತೆಗೆದುಕೊಟ್ಟ. ನಮ್ಮಲ್ಲಿ ಅತ್ಯಂತ ಒಳ್ಳೆಯದು ಅದೇ. ಬೆಳಿಗ್ಗೆ ಆರು ಗಂಟೆಗೆ ತುಕ್ರ ಚಹಾ ತಂದಾಗ ಶೋಭಿತ್ ಗೋಡೆಗೆ ಒರಗಿ ಕುಳಿತಿದ್ದ, ಕಣ್ಣು ಕೆಂಪು. ಮುಂದಿನ ಶನಿವಾರ ಹದಿನೇಳು, ತುದಿಯ ಕೋಣೆ. ದಪ್ಪ ಪರದೆ ಹಾಕಿಸಿದೆ, ಕಿವಿಗೆ ಹತ್ತಿ ಇಟ್ಟೆ. ಆಗಲೂ ಹಾಗೇ.

ಮೂರನೆಯ ಶನಿವಾರ ಹೋದರೆ ಲಾಡ್ಜ್ ಭರ್ತಿ.

"ಅಕ್ಕ, ಮೂರನೇ ನಂಬರ್ ಮಾತ್ರ ಉಂಟು" ಎಂದು ತುಕ್ರ ತಲೆ ಕೆರೆದುಕೊಂಡ. "ಅದರಲ್ಲಿ ಮಲಗಿದವರು ಬೆಳಿಗ್ಗೆ ನನಗೆ ಬೈದೇ ಹೋಗುದು."

ಮೂರು ಎಂದರೆ ಸರಿಯಾಗಿ ಹೆದ್ದಾರಿಯ ನೆತ್ತಿಯ ಮೇಲೆ. ವಾಪಸ್ ಹೋಗುವುದೆಂದರೆ ಪುನಃ ಬಸ್ಸು, ಪುನಃ ಸೇತುವೆಯ ಮೇಲಿನ ಟ್ರಾಫಿಕ್. ಬಂದದ್ದು ಬಂದಾಯಿತು ಎಂದು ಅಲ್ಲೇ ಉಳಿದೆವು. ಬೆಳಿಗ್ಗೆ ನನಗೆ ಎಚ್ಚರವಾದದ್ದು ಆರೂವರೆಗೆ. ಪಕ್ಕದಲ್ಲಿ ಶೋಭಿತ್ ಕವುಚಿ ಮಲಗಿದ್ದ. ಒಂದು ಕಾಲು ಮಂಚದಿಂದ ಹೊರಗೆ, ದಿಂಬಿನ ಮೇಲೆ ಎಂಜಲು. ಹೊರಗೆ ಲಾರಿಯೊಂದು ಕಿಟಕಿ ಅದುರಿಸಿಕೊಂಡು ಹೋಯಿತು. ಅವನು ಕದಲಲಿಲ್ಲ. ಚಹಾ ಹಿಡಿದು ಬಂದ ತುಕ್ರನಿಗೆ ಬಾಯಿಗೆ ಬೆರಳಿಟ್ಟು ತೋರಿಸಿದೆ. ಅವನೂ ಬಾಗಿಲಲ್ಲಿ ನಿಂತು ಮಗುವನ್ನೇ ನೋಡಿದ. ಆಮೇಲೆ ತುದಿಗಾಲಿನಲ್ಲಿ ಹಿಂದೆ ಹೋದ.

ಒಂದು ಸಲದ್ದು ಆಕಸ್ಮಿಕ ಇರಬಹುದು. ಇನ್ನೊಂದು ಸಲ ಹದಿನಾಲ್ಕರಲ್ಲಿ ಮಲಗಿಸಿದೆ, ನಿದ್ದೆ ಇಲ್ಲ. ಇನ್ನೊಂದು ಸಲ ಮೂರರಲ್ಲಿ, ಸೊಂಪಾದ ನಿದ್ದೆ. ಆ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಅವನನ್ನೇ ಕೇಳಿದೆ.

"ಹಿಂದಿನ ಕೋಣೆಯಲ್ಲಿ ಎಂತ ತೊಂದರೆ ಮಗಾ? ಅಲ್ಲಿ ಶಬ್ದವೇ ಇಲ್ಲ ಅಲ್ವಾ?"

"ಅದೇ, ಏನೂ ಇಲ್ಲ. ಮತ್ತೆ ಒಮ್ಮೆಲೆ ಢಬ್ ಅಂತ ಯಾರದ್ದೋ ಬಾಗಿಲು. ಮತ್ತೊಂದು ಯಾವಾಗ ಅಂತ ಗೊತ್ತಿಲ್ಲ. ಕಾಯ್ತಾ ಇರ್ಬೇಕು."

"ಲಾರಿ ಹೋಗುದು?"

ನನಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ಅವನು ನನ್ನ ಮುಖ ನೋಡಿದ. "ಲಾರಿ ದೂರದಿಂದಲೇ ಬರ್ತೇನೆ ಬರ್ತೇನೆ ಅಂತ ಹೇಳ್ತದಲ್ಲ ಅಮ್ಮಾ."

ನಮ್ಮ ಫ್ಲ್ಯಾಟ್ ಇರುವುದೇ ರಸ್ತೆಯ ಮೇಲೆ. ಹುಟ್ಟಿದಂದಿನಿಂದ ಅವನು ಬಸ್ಸುಗಳ ಸದ್ದು ಕೇಳಿಕೊಂಡೇ ಮಲಗಿದವನು. ಕೊಚ್ಚಿಯಲ್ಲಿ ನಾವು ಹೆಚ್ಚು ಹಣ ಕೊಟ್ಟು, ಗಲಾಟೆ ಇಲ್ಲದ ಒಳಗಿನ ಕೋಣೆಯನ್ನೇ ಕೇಳಿ ತೆಗೆದುಕೊಂಡಿದ್ದೆವು. ಮಗುವಿಗೆ ಯಾವುದು ಕಷ್ಟವೆಂದು ಮಗುವನ್ನೇ ಕೇಳಲು ನನಗೆ ಇಷ್ಟು ಸಮಯ ಬೇಕಾಯಿತು.

ಮನೆಗೆ ಬಂದವಳೇ, ಅನ್ನಕ್ಕಿಟ್ಟು, ಆ ಎರಡನೆಯ ಹೋಟೆಲಿನ ಬಗ್ಗೆ ಜನ ಬರೆದದ್ದನ್ನೆಲ್ಲ ಮೊದಲಿನಿಂದ ಓದಿದೆ. ರಾತ್ರಿಯಿಡೀ ಗಾಡಿಗಳ ಸದ್ದು ಎಂದು ಒಬ್ಬರು. ಮೆಟ್ರೋ ಹೋದಾಗಲೆಲ್ಲ ಕೇಳುತ್ತದೆ ಎಂದು ಇನ್ನೊಬ್ಬರು. ಅವರ ಒಂದೊಂದು ದೂರೂ ನನಗೆ ಶಿಫಾರಸಿನಂತೆ ಕಂಡಿತು. ಕಾರಿಡಾರಿನ ಬಗ್ಗೆ, ಬಾಗಿಲುಗಳ ಬಗ್ಗೆ ಯಾರೂ ದೂರಿರಲಿಲ್ಲ. ಶೌಚಾಲಯ ಶುಚಿ, ನೀರು ಬಿಸಿ ಎಂದು, ಗಲಾಟೆಗೆ ಬೈದವರೇ ಒಪ್ಪಿಕೊಂಡಿದ್ದರು. ಅಂಥವರ ಮಾತನ್ನು ನಂಬಬಹುದೆಂದು ಲಾಡ್ಜ್ ನಡೆಸುವವರಿಗೆ ಗೊತ್ತಿರುತ್ತದೆ.

ಹೋಟೆಲಿಗೆ ಇಮೇಲ್ ಬರೆದೆ: ರಸ್ತೆಯ ಕಡೆಯ ಕೋಣೆ ಬೇಕು, ಲಿಫ್ಟಿನಿಂದ ದೂರ, ಸಾಧ್ಯವಾದರೆ ಕಾರಿಡಾರಿನ ತುದಿಯದ್ದು. ಸಂಜೆಯೊಳಗೆ ಉತ್ತರ ಬಂತು. ಆ ಕೋಣೆಗಳನ್ನು ಬದಲಾಯಿಸಿ ಕೊಡಿ ಎಂದು ಕೇಳುವವರೇ ಹೆಚ್ಚು, ತಮಗೆ ಖಂಡಿತ ಅದೇ ಬೇಕೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ್ದರು. ಖಂಡಿತ ಎಂದು ಬರೆದು ಬುಕ್ ಮಾಡಿದೆ. ಲ್ಯಾನ್ಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ನಿತ್ಯಾನಂದ "ಹೂಂ" ಎಂದರು, ಅಷ್ಟೇ.

ಹೊರಡಲು ಎಂಟು ದಿನ ಇರುವಾಗ ಹೋಟೆಲಿನಿಂದ ಇನ್ನೊಂದು ಇಮೇಲ್ ಬಂತು. ನಿಮ್ಮ ಯಜಮಾನರು ಫೋನಿನಲ್ಲಿ ಕೇಳಿಕೊಂಡ ಪ್ರಕಾರ ಕೋಣೆಯನ್ನು ಒಳಗಿನ ಪ್ರಶಾಂತ ಭಾಗಕ್ಕೆ ಬದಲಾಯಿಸಲಾಗಿದೆ, ಹೆಚ್ಚುವರಿ ಹಣವಿಲ್ಲ. ನಾನು ದೋಸೆಯ ಉರಿ ತಗ್ಗಿಸಿ ಗಂಡನ ಮುಂದೆ ಫೋನ್ ಹಿಡಿದೆ.

ಅವರ ಮುಖ ಅರಳಿತು. "ಹಾಂ, ಬಂತಾ? ನಾನೂ ಹೋಟೆಲಿನವ, ಅವನೂ ಹೋಟೆಲಿನವ. ಒಂದು ಮಾತು ಹೇಳಿದೆ, ಫ್ರೀಯಾಗಿ ಕೊಟ್ಟ."

"ನಾನು ಐದು ಶನಿವಾರ ನೋಡಿದ್ದು ಎಂತಕ್ಕೆ ಹಾಗಾದ್ರೆ?"

"ನಿನ್ನನ್ನು ನಂಬದೆ ಅಲ್ಲ ಮಾರಾಯ್ತಿ" ಎಂದು ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಇಪ್ಪತ್ತೈದು ವರ್ಷ ಆ ಎದುರಿನ ಕೋಣೆಗಳನ್ನು ನಾನು ಯಾರಿಗೆ ಕೊಟ್ಟದ್ದು? ಬೇರೆ ಗತಿ ಇಲ್ಲದವರಿಗೆ. ಈಗ ನನ್ನ ಮಗನಿಗೆ ಅದನ್ನೇ ಕೇಳಿ ತಗೊಳ್ಳುದಾ?"

ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಇನ್ನೊಂದು ದೋಸೆ ಹಾಕಿದೆ. "ಈ ಶನಿವಾರ ನೀವೇ ಅವನನ್ನು ಕರ್ಕೊಂಡು ಹೋಗಿ. ಮೂರನೇ ನಂಬರಲ್ಲಿ ಮಲಗಿ. ಮತ್ತೆ ನೀವು ಹೇಳಿದ ಹಾಗೆ."

ಇಪ್ಪತ್ತೈದು ವರ್ಷಗಳಲ್ಲಿ ಅವರು ತಮ್ಮ ಲಾಡ್ಜಿನಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. ಭಾನುವಾರ ಬೆಳಿಗ್ಗೆ ಅಪ್ಪ ಮಗ ಬಂದರು. ಶೋಭಿತ್ ನೇರ ಹೋಗಿ ಇಡ್ಲಿಗೆ ಕುಳಿತ. ಇವರು ಕುರ್ಚಿಯಲ್ಲಿ ಬಿದ್ದುಕೊಂಡರು.

"ಒಂದು ಟ್ಯಾಂಕರ್ ನನ್ನ ಎದೆಯ ಮೇಲಿಂದಲೇ ಹೋಯ್ತು ರತ್ನಾ. ಇವ ಬಾಯಿ ತೆರೆದು ಮಲಗಿದ್ದಾನೆ! ಬದುಕಿದ್ದಾನಾ ಅಂತ ಮೂಗಿಗೆ ಕೈ ಹಿಡಿದು ನೋಡಿದೆ."

"ಅಪ್ಪ ಎರಡು ಸಲ ನನ್ನನ್ನು ಎಬ್ಬಿಸಿದ್ರು" ಎಂದು ಶೋಭಿತ್ ದೂರು ಹೇಳಿದ.

ಅವರು ಸ್ನಾನಕ್ಕೂ ಹೋಗದೆ ದುಬೈಗೆ ಫೋನ್ ಹಚ್ಚಿದರು. ಅಡುಗೆಮನೆಗೆ ಅವರ ಹಿಂದಿ ಕೇಳುತ್ತಿತ್ತು. ಮೊದಲಿನ ಕೋಣೆಯೇ ಬೇಕು. ಹೌದು, ರಸ್ತೆಯ ಕಡೆಯದ್ದು. ಇಲ್ಲ ಇಲ್ಲ, ತಮಾಷೆ ಅಲ್ಲ. ಆಮೇಲೆ ತುಕ್ರನಿಗೂ ಫೋನ್ ಮಾಡಿದರು. ಆ ವಾರವೇ ನಮ್ಮ ಹಿಂದಿನ ಕೋಣೆಗಳ ಬಾಗಿಲುಗಳಿಗೆಲ್ಲ ಢಬ್ ಎನ್ನದ ಹಾಗೆ ರಬ್ಬರ್ ಪಟ್ಟಿ ಬಂತು.

ದುಬೈಯಲ್ಲಿ ಮೊದಲ ಬೆಳಿಗ್ಗೆ ಏಳು ಗಂಟೆಗೆ ಶೋಭಿತ್ ತಾನಾಗಿ ಎದ್ದ. ಎದ್ದವನು ಕಿಟಕಿಯ ಹತ್ತಿರ ಹೋಗಿ ನಿಂತ. ಕೆಳಗೆ ಎಂಟು ಸಾಲು ವಾಹನ, ಅದರಾಚೆ ಕಂಬಗಳ ಮೇಲೆ ಮೆಟ್ರೋ ಹಳಿ. ಒಂದು ರೈಲು ಹೋಗುವವರೆಗೆ ನೋಡಿ, "ಹಲ್ಲುಜ್ಜಿ ಬರ್ತೇನೆ" ಎಂದು ಹೋದ. ನಾನು ಹಾಸಿಗೆಯ ಸುಕ್ಕು ಸರಿಮಾಡುವ ನೆಪದಲ್ಲಿ ಅವನ ದಿಂಬನ್ನು ಮುಟ್ಟಿ ನೋಡಿದೆ. ಒಂದು ಕಡೆ ತಗ್ಗಾಗಿ, ಇನ್ನೂ ಬೆಚ್ಚಗಿತ್ತು.

ತಿಂಡಿ ಮುಗಿಸಿ ಕೆಳಗೆ ಬಂದಾಗ ಕೌಂಟರಿನ ಹುಡುಗಿ ನನ್ನ ಗಂಡನ ಮುಖ ನೋಡಿ ಮರುಗಿದಳು. ಕಣ್ಣು ಎರಡೂ ಊದಿ, ಕೂದಲು ಎದ್ದು ನಿಂತಿತ್ತು.

"ಸರ್, ಒಳಗಿನ ಕೋಣೆಯೊಂದು ಈಗಷ್ಟೇ ಖಾಲಿಯಾಗಿದೆ. ಬದಲಾಯಿಸಿ ಕೊಡಲೇ?"

ನಿತ್ಯಾನಂದ ಅವಳ ಕೈಯಲ್ಲಿದ್ದ ಕೀಲಿಕಾರ್ಡನ್ನು ನೋಡಿದರು. ಹಸಿದವನು ಪಕ್ಕದ ಎಲೆಯನ್ನು ನೋಡಿದ ಹಾಗೆ. ಗಾಜಿನ ಬಾಗಿಲ ಬಳಿ ಶೋಭಿತ್ ಆಗಲೇ ಶೂ ಲೇಸು ಬಿಗಿದುಕೊಂಡು, ಎದುರಿನ ಸ್ಟೇಷನ್‌ಗೆ ಹೋಗುವ ಮೇಲ್ಸೇತುವೆ ಎಲ್ಲಿಂದ ಶುರುವಾಗುತ್ತದೆಂದು ಇಣುಕುತ್ತಿದ್ದ.

"ಬೇಡ. ನಮಗೆ ಈಗ ಇದ್ದದ್ದೇ ಒಳ್ಳೆದುಂಟು" ಎಂದು ಅವಳಿಗೆ ಕನ್ನಡದಲ್ಲೇ ಹೇಳಿ, ದೊಡ್ಡದಾಗಿ ಆಕಳಿಸಿ, ಮಗನ ಹಿಂದೆ ನಡೆದರು.